ಬಿಡಬೇಕಿದ್ದ ಒಂದು ಕಾಂಡ

ಮೊದಲ ಬಸ್ಸಿನಿಂದ ಇಳಿದವಳು ತರಗತಿ ನಡೆಯುವ ಗೋದಾಮಿನ ಕಡೆ ತಿರುಗಿಯೂ ನೋಡದೆ ನೇರ ಮೇಲಿನ ತೋಟಕ್ಕೆ ಹತ್ತಿದಳು. ಹೆಗಲಲ್ಲಿ ಚೀಲ, ಚೀಲದಿಂದ ಹೊರಗೆ ಇಣುಕುವ ಗರಗಸದ ಹಿಡಿ. ಬಿಸಿಲು ಇನ್ನೂ ಬಲಿತಿರಲಿಲ್ಲ. ಮೊದಲ ಸಾಲಿನಲ್ಲಿ, ಕೊಯ್ದ ಕಾಫಿ ಗಿಡದ ಮೊದಲ ಮೋಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳ ಉಗುರಿನಿಂದ ತೊಗಟೆಯನ್ನು ಚೂರೇ ಚೂರು ಕೆರೆದಳು. ಒಳಗೆ ಹಸಿರಿತ್ತು, ಅಂದರೆ ಜೀವವಿತ್ತು. ಎರಡನೆಯದರಲ್ಲೂ ಇತ್ತು. ಮೂರನೆಯದರಲ್ಲಿ ಹಸಿರೋ ಕಂದೋ ಹೇಳಲಾಗದಂಥ ಬಣ್ಣ. ಸ್ವಲ್ಪ ಪಕ್ಕದಲ್ಲಿ ಇನ್ನೊಮ್ಮೆ ಕೆರೆದಳು. ಅಲ್ಲೂ ಹಾಗೇ.

"ಮೇಡಂ, ನೀವು ಹೀಗೆ ದಿನಾ ಕೆರೀತಾ ಕೂತ್ರೆ ಇರೋ ಜೀವಾನೂ ಬೇಜಾರು ಮಾಡ್ಕೊಂಡು ಹೊರಟುಹೋಗತ್ತೆ."

ಹಿಂದೆ ನಿಂತಿದ್ದವಳು ತೋಟದೊಡತಿ. ಊರಿಗೆಲ್ಲ ಅವಳು ಅತ್ತಿಗೆ. ಸಣ್ಣ ಬೆಳೆಗಾರರ ಗುಂಪಿನ ಮುಖಂಡ ಅವಳ ಮೈದುನ. ಅವನು ಕರೆದದ್ದನ್ನೇ ಉಳಿದವರೂ ಹಿಡಿದುಕೊಂಡಿದ್ದರು. ಗಂಡ ಹೋಗಿ ಎಂಟು ವರ್ಷ. ಜಮೀನು ಇನ್ನೂ ಭಾಗವಾಗಿರಲಿಲ್ಲ. ಕೆಳಗಿನ ತೋಟ ಮೈದುನನದು, ಮೇಲಿನ ನೂರ ಎಂಬತ್ತು ಗಿಡ ಇವಳದು ಎಂದು ಬಾಯಿಮಾತಿನಲ್ಲಿ ನಡೆದುಕೊಂಡು ಬಂದಿತ್ತು.

"ಬೇಜಾರು ಮಾಡ್ಕೊಳ್ಳೋದಾಗಿದ್ರೆ ಇಷ್ಟು ಹೊತ್ತಿಗೆ ಮಾಡ್ಕೊಂಡಿರೋದು ಅಕ್ಕಾ," ಎಂದು ತರಬೇತಿ ಕೊಡಲು ಬಂದವಳು ಎದ್ದು ಸೆರಗು ಕೊಡವಿದಳು. ನಗಬೇಕೆಂದಿದ್ದಳು, ನಗು ಬರಲಿಲ್ಲ.

ನೂರ ಎಂಬತ್ತು ಕಾಫಿ ಗಿಡ, ಎಲ್ಲವೂ ಮೊಣಕಾಲೆತ್ತರಕ್ಕೆ ಕೊಯ್ಯಿಸಿಕೊಂಡು ನಿಂತಿದ್ದವು. ಒಂದಾದರೂ ಚಿಗುರಿರಲಿಲ್ಲ. ಒಂಬತ್ತು ವಾರವಾಗಿತ್ತು.

ಹನ್ನೊಂದು ವರ್ಷದಿಂದ ಈ ಮೇಡಂ ಮಾಡುತ್ತಿದ್ದದ್ದು ಇದೇ ಕೆಲಸ. ಊರೂರಿಗೆ ಹೋಗಿ ಒಂದೆರಡು ಎಕರೆಯ ಬೆಳೆಗಾರರನ್ನು ಕೂರಿಸಿಕೊಂಡು ನೆರಳು ಎಷ್ಟಿರಬೇಕು, ಗೊಬ್ಬರ ಯಾವಾಗ ಹಾಕಬೇಕು, ಹಣ್ಣಾದದ್ದನ್ನು ಮಾತ್ರ ಹೇಗೆ ಬಿಡಿಸಬೇಕು, ಮುದಿಯಾದ ಗಿಡವನ್ನು ಕೊಯ್ದು ಹೇಗೆ ಮತ್ತೆ ಹರೆಯಕ್ಕೆ ತರಬೇಕು ಎಂದು ಹೇಳಿಕೊಡುವುದು. ಹೇಳಿದ್ದನ್ನೇ ಹೇಳಿ, ಗರಗಸ ಹಿಡಿದೇ ಓಡಾಡಿ, ಅವಳಿಗೆ ಗರಗಸ ಮೇಡಂ ಎಂದೇ ಹೆಸರು ಬಿದ್ದಿತ್ತು. "ಗಿಡಾನೂ ಕೊಯ್ತಾರೆ, ಕಿವೀನೂ ಕೊರೀತಾರೆ," ಎಂದು ಮೈದುನ ಅವಳ ಎದುರಿಗೇ ಹೇಳಿ ನಗಿಸುತ್ತಿದ್ದ. ಕೇಳಿದವರೆಲ್ಲ ತಲೆಯಾಡಿಸುತ್ತಿದ್ದರು. ಆದರೆ ಕಾಯಿ ಬಿಡುವ ಗಿಡಕ್ಕೆ ಗರಗಸ ಹಾಕಲು ಕೈ ಯಾರಿಗೆ ಬರುತ್ತದೆ? ಹನ್ನೊಂದು ವರ್ಷದಲ್ಲಿ, ಕೇಳಿದ ವಾರವೇ ಮನೆಗೆ ಹೋಗಿ ಇಡೀ ತೋಟವನ್ನು ಕೊಯ್ದವಳು ಅತ್ತಿಗೆ ಒಬ್ಬಳೇ.

ಕೊಯ್ದ ದಿನವೇ ಮೈದುನ ಓಡಿ ಬಂದಿದ್ದನಂತೆ. ಕೂಗಾಡಿ ಕೊನೆಗೆ ಒಂದು ಮಾತು ಹೇಳಿ ಹೋಗಿದ್ದ. ಇನ್ನು ಎರಡು ತಿಂಗಳಿಗೆ ಒಂದು ಗುರುವಾರ, ತರಬೇತಿ ಯೋಜನೆಗೆ ಹಣ ಕೊಡುವ ಹೊರಗಿನವರು ತೋಟ ನೋಡಲು ಬರುತ್ತಾರಲ್ಲ, ಅಷ್ಟರಲ್ಲಿ ಚಿಗುರಿದರೆ ಸರಿ. ಇಲ್ಲವಾದರೆ ಮೇಲಿನ ತೋಟವನ್ನು ಅವನೇ ತೆಗೆದುಕೊಂಡು ಬೇರೆ ಏನಾದರೂ ಹಾಕುತ್ತಾನೆ.

ಆ ಗುರುವಾರಕ್ಕೆ ಇನ್ನು ಎರಡು ದಿನ.

ತಪ್ಪು ಎಲ್ಲಿ ಆಗಿದೆ ಎಂದು ಗರಗಸ ಮೇಡಂಗೆ ಮೊದಲ ನೋಟಕ್ಕೇ ಗೊತ್ತಾಗಿತ್ತು. ಅದೇ ಅವಳನ್ನು ನಿಂತಲ್ಲಿ ನಿಲ್ಲಲು, ಕೂತಲ್ಲಿ ಕೂರಲು ಬಿಡದೆ ಸುತ್ತಿಸುತ್ತಿತ್ತು.

ಆ ತರಗತಿಯ ದಿನ ಬೆಳಿಗ್ಗೆ ಗೋದಾಮಿನ ಗೋಡೆಗೆ ಚಿತ್ರ ತೂಗುಹಾಕಿ ಸರಿಯಾಗಿಯೇ ಹೇಳಿದ್ದಳು. ನಾಲ್ಕು ಕಾಂಡದ ಗಿಡ. ಮೂರನ್ನು ಕೊಯ್ಯಿರಿ, ಒಂದನ್ನು ಬಿಡಿ. "ಹೊಸ ಚಿಗುರು ಬರೋವರೆಗೂ ಬೇರಿಗೆ ಉಣಿಸೋದು ಆ ಒಂದು ಕಾಂಡ. ಗಿಡ ಅದರಲ್ಲೇ ಉಸಿರಾಡತ್ತೆ." ಮಧ್ಯಾಹ್ನ, ಕೊಯ್ದು ತೋರಿಸಲು ಒಂದು ಗಿಡ ಕೊಡಿ ಎಂದಾಗ ಗಂಡಸರೆಲ್ಲ ತಮ್ಮ ತಮ್ಮ ಪಾದ ನೋಡಿಕೊಂಡು ನಿಂತರು. ಕೊನೆಗೆ ಮೈದುನ ಬೇಲಿಯ ಪಕ್ಕದ್ದೊಂದನ್ನು ತೋರಿಸಿದ. "ಇಗೊಳ್ಳಿ, ಇದನ್ನ ಏನು ಬೇಕಾದ್ರೂ ಮಾಡಿ. ಇದು ಇದ್ರೂ ಅಷ್ಟೆ, ಹೋದ್ರೂ ಅಷ್ಟೆ." ಒಂಟಿ ಕಾಂಡದ, ಮೇಲೆ ಮಾತ್ರ ನಾಲ್ಕು ಎಲೆಯಿದ್ದ ಸೊರಗಿದ ಗಿಡ. ಬೇಡ, ಬೇರೆ ಕೊಡಿ ಎನ್ನಬೇಕಿತ್ತು. ಬಸ್ಸಿನ ಹೊತ್ತಾಗಿತ್ತು. ಇದ್ದ ಒಂದೇ ಕಾಂಡವನ್ನು ನೀರು ಇಳಿದುಹೋಗುವಂತೆ ಓರೆಯಾಗಿ, ಬೆಣ್ಣೆ ಕೊಯ್ದಂತೆ ಕೊಯ್ದು ತೋರಿಸಿದಳು. ಚಪ್ಪಾಳೆ ಬಿತ್ತು.

ಇದರಲ್ಲಿ ಒಂದೇ ಕಾಂಡ ಇರುವುದರಿಂದ ಹೀಗೆ, ನಿಮ್ಮದರಲ್ಲಿ ಹೀಗಲ್ಲ ಎಂದು ಆಗ ಹೇಳಿದ್ದಳೋ ಇಲ್ಲವೋ? ನೂರು ಸಲ ನೆನಪು ಮಾಡಿಕೊಂಡಿದ್ದಳು. ಒಂದೊಂದು ಸಲ ಹೇಳಿದ ಹಾಗೇ ಅನ್ನಿಸುತ್ತಿತ್ತು, ಮಾತಿನ ಧಾಟಿ ಕೂಡ ಕಿವಿಗೆ ಬರುತ್ತಿತ್ತು. ಮರುಕ್ಷಣವೇ, ಅದು ಈಗ ತಾನೇ ಕಟ್ಟಿಕೊಳ್ಳುತ್ತಿರುವ ಮಾತು ಎಂದು ತಿಳಿಯುತ್ತಿತ್ತು.

ಬೇರೆ ಊರುಗಳ ತರಗತಿ ಮುಗಿಸಿ ಮೂರು ವಾರದ ಮೇಲೆ ಬಂದಾಗ ಅತ್ತಿಗೆ ಅವಳ ಕೈಹಿಡಿದು ಎಳೆದುಕೊಂಡು ಬಂದು ತೋರಿಸಿದ್ದಳು. ಸಾಲಿಗೆ ಸಾಲು, ಎಲ್ಲ ಗಿಡದ ಎಲ್ಲ ಕಾಂಡ, ಒಂದೇ ಎತ್ತರ, ಒಂದೇ ಓರೆ. ಉಸಿರಿಗೆ ಅಂತ ಒಂದನ್ನೂ ಉಳಿಸಿರಲಿಲ್ಲ. ಮೇಡಂನ ಬಾಯಿ ಹೇಳಿದ್ದನ್ನು ಬಿಟ್ಟು ಕೈ ಮಾಡಿದ್ದನ್ನು ಅತ್ತಿಗೆ ಅಕ್ಷರಕ್ಕೆ ಅಕ್ಷರ ಮಾಡಿದ್ದಳು.

"ಹೇಗಿದೆ ಮೇಡಂ?" ಎಂದು ಅವಳು ಕೇಳಿದಾಗ ಮುಖದ ಮೇಲೆ ಇದ್ದ ಆ ಬೆಳಕನ್ನು ನೋಡಿ ಗರಗಸ ಮೇಡಂ ಅಂದಿದ್ದಳು: "ಓರೆ ತುಂಬಾ ಚೆನ್ನಾಗಿ ಬಂದಿದೆ ಅಕ್ಕಾ."

ಸುಳ್ಳೇನಲ್ಲ. ಆದರೆ ಉಳಿದರ್ಧವನ್ನು ಆರು ವಾರವಾದರೂ ಹೇಳಿರಲಿಲ್ಲ.

ಆ ಸಂಜೆ ಮನೆಯಲ್ಲಿ ಅವಳು ಒಲೆ ಹಚ್ಚಿದಳು, ಆರಿಸಿದಳು. ಒಗೆದ ಬಟ್ಟೆ ಮಡಚಿದಳು, ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚಿದಳು. ಗಂಡ ದರ್ಜಿ. ಮುಂಬಾಗಿಲ ಕೋಣೆಯೇ ಅವನ ಅಂಗಡಿ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಸೀಮೆಸುಣ್ಣದಲ್ಲಿ ಗೀಟು ಹಾಕುತ್ತ, ನಾಲ್ಕನೇ ಸಲ ಅವಳು ಹೊಸ್ತಿಲು ದಾಟಿದಾಗ ತಲೆ ಎತ್ತದೆ ಕೇಳಿದ.

"ನೆಲ ಸವೆದುಹೋಗತ್ತೆ ಮಾರಾಯ್ತಿ. ಏನು ಕಳೆದುಹೋಗಿದೆ?"

"ಯೋಜನೆಯ ಸಾಹೇಬರು ಫೋನ್ ಮಾಡಿದ್ರು. ಯಾರಾದ್ರೂ ಕೇಳಿದ್ರೆ ಮಳೆ ತಡವಾಯ್ತು ಅಂದ್ಬಿಡಿ ಅಂತಾರೆ."

"ತಡವಾಗಿಲ್ವಾ?"

"ಆಗಿದೆ. ನಾಲ್ಕು ದಿನ."

ಅವನು ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿದ. ಅಷ್ಟು ಹೊತ್ತೂ ಅವಳು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ನನ್ನದೂ ಕತ್ತರಿಸೋ ಕೆಲಸ, ನಿನ್ನದೂ ಕತ್ತರಿಸೋ ಕೆಲಸ," ಎಂದ. "ನಾನು ಕೆಡಿಸಿದ್ರೆ ಗಿರಾಕಿ ಬಟ್ಟೇನ ನನ್ನ ಮುಖಕ್ಕೇ ಎಸೀತಾನೆ. ಅಲ್ಲಿಗೆ ಮುಗೀತು, ನಾನು ನಿದ್ದೆ ಮಾಡ್ತೀನಿ. ನೀನು ಕೆಡಿಸಿದ್ರೆ ಅವರು ನಿನಗೆ ಚಹಾ ಮಾಡ್ಕೊಡ್ತಾರೆ. ಅದೇ ನಿನ್ನ ತೊಂದರೆ."

"ಕೆಲಸ ಹೋದ್ರೆ?"

"ಕಾಜಾ ಹಾಕೋಕೆ ಒಬ್ಬರು ಬೇಕಾಗಿದೆ ನನಗೆ. ಬಾಯಿ ಮುಚ್ಕೊಂಡು ಕೂರೋರು. ನೀನು ಆಗಲ್ಲ."

ಅವಳಿಗೆ ನಗು ಬಂತು. ಆದರೆ ಆ ರಾತ್ರಿಯೂ ನಿದ್ದೆ ಬರಲಿಲ್ಲ.

ಗುರುವಾರ ಜೀಪಿನಲ್ಲಿ ಮೂವರು ಬಂದಿಳಿದರು. ಟೋಪಿ, ಕೊರಳಿಗೆ ಕ್ಯಾಮೆರಾ, ಕೈಯಲ್ಲಿ ಪುಸ್ತಕ. ಅವರ ಹಿಂದೆ ಇಸ್ತ್ರಿ ಹಾಕಿದ ಅಂಗಿಯ ಯೋಜನೆಯ ಸಾಹೇಬರು, ವಯಸ್ಸಿನಲ್ಲಿ ಅವಳಿಗಿಂತ ಹತ್ತು ವರ್ಷ ಚಿಕ್ಕವರು. ಗುಂಪಿನ ಇಪ್ಪತ್ತು ಇಪ್ಪತ್ತೈದು ಜನ ಬೆಳೆಗಾರರು. ಅತ್ತಿಗೆ ತೊಳೆದ ಸೀರೆಯುಟ್ಟು, ತೋಟದ ದಾರಿ ಗುಡಿಸಿ, ಮೊದಲ ಸಾಲಿನ ತುದಿಯಲ್ಲಿ ಮದುವೆಮನೆಯ ಯಜಮಾನಿಯಂತೆ ನಿಂತಿದ್ದಳು. ಗರಗಸ ಮೇಡಂ ಬೆಳಿಗ್ಗೆಯೇ ಎಲ್ಲ ಸಾಲು ನೋಡಿ ಬಂದಿದ್ದಳು. ಕೆಳಗಿನ ಸಾಲಿನ ಎಂಟು ಹತ್ತು ಮೋಟಿನಲ್ಲಿ ತೊಗಟೆ ಸ್ವಲ್ಪ ಉಬ್ಬಿದಂತಿತ್ತು. ಅದು ಕಣ್ಣುಬಿಡುವ ಚಿಗುರೋ, ಅವಳ ಆಸೆಯೋ, ಹೇಳುವ ಧೈರ್ಯವಿರಲಿಲ್ಲ.

"ಇದು ನಮ್ಮ ಮಾದರಿ ತೋಟ," ಎಂದರು ಸಾಹೇಬರು. "ಮಳೆ ಸ್ವಲ್ಪ ಕೈಕೊಟ್ಟಿದೆ, ಅದಕ್ಕೆ..."

"ಮಳೆ ನನ್ನ ತೋಟಕ್ಕೂ ಇದೇ ಬಂದಿದ್ದು ಸ್ವಾಮಿ," ಎಂದ ಮೈದುನ. "ನಡುವೆ ಬೇಲಿ ಹಾಕಿದ್ದೀವಿ, ಮೋಡಕ್ಕೆ ಹಾಕಿಲ್ಲ."

ಜನ ನಕ್ಕರು. ಅವನು ನಗಲಿಲ್ಲ. ಅತ್ತಿಗೆಯ ಕಡೆ ತಿರುಗಿದ. "ಅತ್ತಿಗೆ, ಮಾತು ಆಗಿತ್ತಲ್ಲ. ಇವತ್ತು ಗುರುವಾರ."

"ಗೊತ್ತಪ್ಪಾ. ನನಗೂ ವಾರ ಎಣಿಸೋಕೆ ಬರತ್ತೆ."

"ಮತ್ತೆ?"

"ಮತ್ತೇನು, ಕೊಯ್ದವಳು ನಾನು. ಯಾರನ್ನೂ ಕೇಳಿ ಕೊಯ್ದಿಲ್ಲ. ನನ್ನ ಬುದ್ಧಿಗೆ ಸರಿ ಅನ್ನಿಸ್ತು, ಕೊಯ್ದೆ."

ಅದನ್ನು ಕೇಳಿದ್ದೇ ತಡ, ಗರಗಸ ಮೇಡಂನ ಬಾಯಿ ಅವಳ ಅಪ್ಪಣೆಗೂ ಕಾಯಲಿಲ್ಲ.

"ಅದು ಅವರ ತಪ್ಪಲ್ಲ," ಎಂದಳು. ದನಿ ಬೇಕಾದ್ದಕ್ಕಿಂತ ಎತ್ತರವಾಗಿತ್ತು. "ಒಂದು ಕಾಂಡ ಬಿಡಬೇಕಿತ್ತು. ನಾನು ಒಂಟಿ ಕಾಂಡದ ಗಿಡ ಕೊಯ್ದು ತೋರಿಸಿದೆ. ಅವರು ನೋಡಿದ ಹಾಗೇ ಮಾಡಿದ್ರು. ಕಲಿಸಿದ್ದು ನಾನು, ತಪ್ಪು ನಂದು. ಅದಕ್ಕೆ ಅವರ ತೋಟ ಕಿತ್ಕೋಬೇಡಿ."

ಪುಸ್ತಕ ಹಿಡಿದವರಲ್ಲಿ ಒಬ್ಬರು ಬರೆದುಕೊಂಡರು. ಸಾಹೇಬರ ಮುಖ ಬೆಂದ ಬದನೆಕಾಯಿಯಂತಾಯಿತು. ಎದೆಯ ಮೇಲಿನ ಕಲ್ಲು ಇಳಿಯಿತೆಂದು ಅವಳು ಉಸಿರು ಬಿಟ್ಟು ಅತ್ತಿಗೆಯ ಮುಖ ನೋಡಿದಳು.

ಅಲ್ಲಿ ಕೃತಜ್ಞತೆ ಇರಲಿಲ್ಲ. ಅತ್ತಿಗೆ ಅವಳನ್ನು ಕೆನ್ನೆಗೆ ಹೊಡೆದವರನ್ನು ನೋಡುವಂತೆ ನೋಡಿದಳು. ಆಮೇಲೆ ಸೀರೆಯ ನೆರಿಗೆ ಎತ್ತಿಕೊಂಡು, ಬಂದವರಿಗೆ ಒಂದು ಮಾತೂ ಹೇಳದೆ, ಇಳಿದು ಮನೆಗೆ ಹೋಗಿಬಿಟ್ಟಳು.

"ಹಾಗಾದ್ರೆ ಗರಗಸ ಮೇಡಂ ಮೇಲೇ ಬಂತು," ಎಂದ ಮೈದುನ, ತಬ್ಬಿಬ್ಬಾಗಿ. ಅಂದುಕೊಂಡ ಜಗಳ ಕೈತಪ್ಪಿ ಹೋದದ್ದು ಅವನಿಗೂ ಸರಿಬಂದಂತಿರಲಿಲ್ಲ. "ಇವತ್ತು ಬೇಡ. ಮುಂದಿನ ವಾರದ ತರಗತಿಯಲ್ಲಿ ಗುಂಪಿನ ಮುಂದೆ ಮಾತಾಡೋಣ."

ಜೀಪು ಹೋದ ಮೇಲೆ ಅವಳು ಮನೆಗೆ ಹೋದಳು. ಅಡುಗೆಮನೆಯಲ್ಲಿ ಅತ್ತಿಗೆ ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕುವ ಸದ್ದಿನಲ್ಲೇ ಸಿಟ್ಟು ಗೊತ್ತಾಗುತ್ತಿತ್ತು. ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ. ಚಹಾದ ಮಾತಂತೂ ಇಲ್ಲವೇ ಇಲ್ಲ.

"ಅಕ್ಕಾ, ಮೊದಲೇ ಹೇಳಬೇಕಿತ್ತು. ಆರು ವಾರದ ಹಿಂದೆ, ನೋಡಿದ ದಿನಾನೇ."

"ಹೂಂ. ಹೇಳಬೇಕಿತ್ತು. ನನಗೆ. ಒಬ್ಬಳಿಗೆ. ಈ ಅಡುಗೆಮನೇಲಿ." ಪಾತ್ರೆ ಬೋರಲು ಬಿತ್ತು. "ಊರ ಮುಂದೆ ಹೇಳಿದ್ರಲ್ಲ, ಯಾರ ಭಾರ ಇಳಿಸಿದ್ರಿ ಮೇಡಂ? ನಂದಾ, ನಿಮ್ಮದಾ?"

ಉತ್ತರ ಇಬ್ಬರಿಗೂ ಗೊತ್ತಿತ್ತು.

"ಇಪ್ಪತ್ತೆರಡು ವರ್ಷ ಆಯ್ತು ಈ ಮನೆಗೆ ಬಂದು. ಏನು ಬೆಳೀಬೇಕು ಅಂತ ಮಾವ ಹೇಳಿದ್ರು, ಆಮೇಲೆ ನಮ್ಮವರು ಹೇಳಿದ್ರು, ಆಮೇಲೆ ಇವನು ಹೇಳಿದ. ಆ ಗಿಡ ಕೊಯ್ಯೋ ದಿನ ಮೊದಲನೇ ಸಲ ಯಾರೂ ಹೇಳಿರಲಿಲ್ಲ. ಹಲ್ಲು ಕಚ್ಕೊಂಡು ಕೊಯ್ದೆ. ಅಂಗೈ ಬೊಬ್ಬೆ ಬಂತು. ಎಲ್ಲ ಬಂದು ಹುಚ್ಚಿ ಅಂದ್ರು. ಅನ್ನಲಿ, ಹುಚ್ಚಿ ಆದ್ರೂ ನನ್ನ ಹುಚ್ಚು. ಒಂಬತ್ತು ವಾರ ಅದನ್ನೇ ಹೇಳ್ಕೊಂಡು ತಲೆ ಎತ್ತಿ ಓಡಾಡ್ದೆ." ದನಿ ಇಳಿಯಿತು. "ಈಗ? ಈಗ ನಾನು ಹುಚ್ಚೀನೂ ಅಲ್ಲ. ಮೇಡಂ ಹೇಳಿದ್ದನ್ನ ಅರ್ಥ ಮಾಡ್ಕೊಳ್ಳದ ಪಾಪದವಳು. ಅದೂ ನಿಮ್ಮ ಲೆಕ್ಕಕ್ಕೇ ಹೋಯ್ತು."

ಗರಗಸ ಮೇಡಂ ಗೋಡೆಗೆ ಒರಗಿ ನಿಂತಳು. ಹನ್ನೊಂದು ವರ್ಷದಿಂದ ಅವಳು ಹೆಂಗಸರಿಗೆ ಹೇಳುತ್ತ ಬಂದದ್ದು ಇದನ್ನೇ ಅಲ್ಲವೇ, ನೀವೇ ನಿರ್ಧಾರ ಮಾಡಿ ಎಂದು. ಒಬ್ಬಳು ಮಾಡಿದಾಗ ಅದನ್ನು ತನ್ನ ತಪ್ಪು ಎಂದು ಹೇಳಿ ವಾಪಸು ಇಸಿದುಕೊಂಡುಬಿಟ್ಟಿದ್ದಳು. ತಪ್ಪು ಒಪ್ಪಿಕೊಳ್ಳುವುದರಲ್ಲೂ ಇಷ್ಟು ದೊಡ್ಡಸ್ತಿಕೆ ಅಡಗಿರುತ್ತದೆ ಎಂದು ಅವಳಿಗೆ ಹೊಳೆದಿರಲಿಲ್ಲ.

"ಹೋಗಿ, ಬಸ್ಸು ತಪ್ಪತ್ತೆ," ಎಂದಳು ಅತ್ತಿಗೆ, ತಿರುಗಿ ನೋಡದೆ.

ಆ ವಾರ ಅವಳು ಮೇಲಿನ ತೋಟಕ್ಕೆ ಕಾಲಿಡಲಿಲ್ಲ. ಬೇರೆ ಊರುಗಳಲ್ಲಿ ಗೊಬ್ಬರದ ಪಾಠ ಮಾಡಿದಳು. ಮಾಡುತ್ತ ಮಾಡುತ್ತ ವಾಕ್ಯದ ನಡುವೆ ನಿಂತುಹೋಗುತ್ತಿದ್ದಳು. ಸಾಹೇಬರಿಂದ ವಿವರಣೆ ಕೇಳಿ ಕಾಗದ ಬಂದಿತ್ತು. ಅದಕ್ಕೆ ಎರಡು ಸಾಲಿನ ಉತ್ತರ ಬರೆದು ಕಳಿಸಿದಳು. ಅದು ಅವಳನ್ನು ಅಷ್ಟು ಕಾಡಲಿಲ್ಲ. ಅತ್ತಿಗೆ ತರಗತಿಗೆ ಬರುತ್ತಾಳೋ ಇಲ್ಲವೋ ಎಂಬುದು ಕಾಡಿತು.

ಬಂದಿದ್ದಳು. ಗರಗಸ ಮೇಡಂಗಿಂತ ಮೊದಲೇ ಬಂದಿದ್ದಳು. ಗೋದಾಮಿನಲ್ಲಿ ಚಾಪೆ ಹಾಸಿ ಜನ ಕೂತಿದ್ದರು. ಮುಂದೆ, ಮೇಡಂ ನಿಲ್ಲುವ ಜಾಗದಲ್ಲಿ, ಅತ್ತಿಗೆ ನಿಂತಿದ್ದಳು. ಕಾಲ ಬಳಿ ಬೇರುಸಹಿತ ಕಿತ್ತು ತಂದ ಒಣಗಿದ ಮೋಟು.

"ಇವತ್ತು ನೀವು ಕೂತ್ಕೊಳ್ಳಿ ಮೇಡಂ," ಎಂದಳು. "ಹಿಂದೆ ಜಾಗ ಇದೆ."

ಕೂತಳು.

"ನೋಡಿ," ಎಂದಳು ಅತ್ತಿಗೆ. "ಮೇಲಿನ ತೋಟದಲ್ಲಿ ಇವತ್ತಿಗೆ ನಲವತ್ತು ಚಿಗುರಿದೆ. ಮೂವತ್ತು ಇದರ ಹಾಗೆ ಸತ್ತಿದೆ. ಉಳಿದದ್ದು ಏನಾಗತ್ತೋ ಗೊತ್ತಿಲ್ಲ. ತಪ್ಪು ತಮ್ಮದು ಅಂತ ಮೇಡಂ ಅಂದ್ರಲ್ಲ, ಅದು ಪೂರ್ತಿ ನಿಜ ಅಲ್ಲ. ಬೆಳಿಗ್ಗೆ ಒಂದು ಕಾಂಡ ಬಿಡಿ ಅಂದಿದ್ದು ನನ್ನ ಕಿವಿಗೆ ಬಿದ್ದಿತ್ತು. ಮಧ್ಯಾಹ್ನ ನೋಡಿದ್ರೆ ಪೂರ್ತಿ ಕೊಯ್ದ್ರು. ನನಗೆ ಆಗಲೇ ಅನುಮಾನ ಬಂತು. ಕೇಳಬೇಕು ಅಂತ ಬಾಯಿಗೆ ಬಂತು. ಕೇಳಲಿಲ್ಲ."

"ಯಾಕೆ ಅತ್ತಿಗೆ?" ಎಂದು ಯಾರೋ ಕೂಗಿದರು.

"ಯಾಕೆ ಅಂದ್ರೆ ನೀವೆಲ್ಲ ನಗ್ತಿದ್ರಿ. ಆವತ್ತು ಬೆಳಿಗ್ಗೆ ನಾನು ಒಂದು ಪ್ರಶ್ನೆ ಕೇಳಿದ್ದಕ್ಕೇ ನಕ್ಕಿದ್ರಿ, ನೆನಪಿದೆಯಾ? ಇವನೇ ಮೊದಲು ನಕ್ಕಿದ್ದು." ಮೈದುನನ ಕಡೆ ಗಲ್ಲ ಎತ್ತಿ ತೋರಿಸಿದಳು. "ನಗು ತಪ್ಪಿಸ್ಕೊಳ್ಳೋಕೆ ಹೋಗಿ ಮೂವತ್ತು ಗಿಡ ಕಳ್ಕೊಂಡೆ. ಅದಕ್ಕೆ ಹೇಳ್ತಿದ್ದೀನಿ. ಅನುಮಾನ ಬಂದ್ರೆ ಕೇಳಿ. ನಗೋರು ನಗಲಿ, ಹಲ್ಲು ಅವರದ್ದೇ."

ಈ ಸಲ ಎಲ್ಲರೂ ನಕ್ಕರು, ಆದರೆ ಆ ನಗು ಬೇರೆಯಾಗಿತ್ತು. ಮೈದುನ ಕುತ್ತಿಗೆ ಕೆರೆದುಕೊಂಡ.

"ಅದಿರಲಿ ಅತ್ತಿಗೆ," ಎಂದ. "ಬಿಡೋದಾದ್ರೆ ಯಾವ ಕಾಂಡ ಬಿಡೋದು? ನನ್ನ ಗಿಡದಲ್ಲೂ ನಾಲ್ಕೈದು ಮುದಿಯಾಗಿವೆ."

ಹಿಂದೆ ಕೂತ ಗರಗಸ ಮೇಡಂನ ನಾಲಿಗೆ ತುದಿಗೆ ಉತ್ತರ ಬಂತು. ನುಂಗಿಕೊಂಡಳು.

"ಹೇಳ್ತೀನಿ," ಎಂದಳು ಅತ್ತಿಗೆ. "ಆದ್ರೆ ಮೊದಲು ಮೇಲಿನ ತೋಟದ ಮಾತು ಮುಗೀಲಿ. ಇಲ್ಲೇ, ಎಲ್ಲರ ಮುಂದೆ."

"ಸರಿ, ಮಳೆಗಾಲ ಮುಗಿಯೋವರೆಗೂ ನೀವೇ ನೋಡ್ಕೊಳ್ಳಿ."

"ಆಗಲ್ಲ. ಕೊಯ್ದ ಗಿಡ ಕಾಯಿ ಬಿಡೋಕೆ ಎರಡು ವರ್ಷ ಬೇಕು. ಅದನ್ನೂ ಮೇಡಂ ಹೇಳಿದ್ದು. ಅದನ್ನ ಸರಿಯಾಗೇ ಹೇಳಿದ್ದು. ಎರಡು ವರ್ಷ ನೀನು ಬೇಲಿ ದಾಟೋ ಹಾಗಿಲ್ಲ. ಸತ್ತ ಜಾಗಕ್ಕೆ ಹೊಸ ಸಸಿ ನಾನೇ ಹಾಕ್ತೀನಿ. ಆಮೇಲೂ ಕಾಯಿ ಬರಲಿಲ್ಲ ಅಂದ್ರೆ ನಾನೇ ಕರೆದು ಕೊಡ್ತೀನಿ."

ಮೈದುನ ಸುತ್ತ ನೋಡಿದ. ಇಪ್ಪತ್ತು ಮುಖಗಳು ಅವನನ್ನೇ ನೋಡುತ್ತಿದ್ದವು. ಅವನ ಗಿಡಗಳಿಗೂ ವಯಸ್ಸಾಗಿದ್ದದ್ದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಆಯ್ತು ಅತ್ತಿಗೆ, ಎರಡು ವರ್ಷ. ಈಗ ಹೇಳಿ."

"ಎಲ್ಲಕ್ಕಿಂತ ಎಳೇದು, ಎಲೆ ತುಂಬಾ ಇರೋದು, ಅದನ್ನ ಬಿಡೋದು. ದಪ್ಪ ಇದೆ ಅಂತ ಮುದಿ ಕಾಂಡಕ್ಕೆ ಮರುಳಾಗಬೇಡ." ಅತ್ತಿಗೆ ಒಣಮೋಟನ್ನು ಎತ್ತಿ ಬೇರು ತೋರಿಸಿ, ಉಣಿಸುವ ಎಲೆಯಿಲ್ಲದೆ ಅದು ಹೇಗೆ ಕಪ್ಪಾಗಿದೆ ಎಂದು ವಿವರಿಸತೊಡಗಿದಳು. ಸಾಲು ಸಾಲಾಗಿ ಜನ ಎದ್ದು ಬಂದು ಮುಟ್ಟಿ ನೋಡಿದರು. ಹನ್ನೊಂದು ವರ್ಷದಲ್ಲಿ ತನ್ನ ಚಿತ್ರಪಟವನ್ನು ಯಾರೂ ಹಾಗೆ ಹತ್ತಿರ ಬಂದು ನೋಡಿದ್ದನ್ನು ಗರಗಸ ಮೇಡಂ ಕಂಡಿರಲಿಲ್ಲ.

ಅತ್ತಿಗೆ ಮುಗಿಸಿದಂತೆ ಸೆರಗಿನಿಂದ ಕೈ ಒರೆಸಿಕೊಂಡಳು. ಒಂದು ವಿಷಯ ಬಿಟ್ಟುಹೋಗಿತ್ತು. ಚಿಗುರಿದ ಮೇಲೆ ಮಾಡಬೇಕಾದ್ದು. ಗರಗಸ ಮೇಡಂ ಕೂತಲ್ಲೇ ಮಿಸುಕಾಡಿದಳು. ಎದ್ದು ಮುಂದೆ ಹೋಗಿ ಹೇಳಿಬಿಡಲು ಕಾಲು ತುಡಿಯುತ್ತಿತ್ತು. ಚಾಪೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಒಂದು ಕೈ ಬಿಡಿಸಿಕೊಂಡು ಮೇಲೆತ್ತಿದಳು.

"ಅಕ್ಕಾ, ಒಂದು ಕೇಳಬಹುದಾ? ಒಂದು ಮೋಟಿಗೆ ಏಳೆಂಟು ಚಿಗುರು ಬರತ್ತೆ. ಎಲ್ಲಾನೂ ಬೆಳೆಯೋಕೆ ಬಿಡಬೇಕಾ?"

ಯಾರೋ ಕಿಸಕ್ಕೆಂದರು. ಅತ್ತಿಗೆ ಆ ಕಡೆ ಕಣ್ಣು ಬಿಟ್ಟಳು. ನಗು ನಿಂತಿತು. ಅವಳು ಯೋಚಿಸಿದಳು. ಯೋಚಿಸುವುದನ್ನು ಮುಚ್ಚಿಡಲೂ ಇಲ್ಲ.

"ಗೊತ್ತಿಲ್ಲ," ಎಂದಳು. "ಅದನ್ನ ನೀವು ಬಂದು ತೋರಿಸಿ. ಆದ್ರೆ ಗಿಡ ಯಾವುದು ಅಂತ ನಾನು ಆರಿಸ್ತೀನಿ."

"ಯಾವಾಗ ಬರಲಿ?"

"ನಾಳೆ ಬನ್ನಿ," ಎಂದು ಅತ್ತಿಗೆ ಮೋಟನ್ನು ಗೋಡೆಗೆ ಒರಗಿಸಿದಳು. ಕೈ ಕೊಡವುತ್ತ ಸೇರಿಸಿದಳು: "ಉಗುರು ಕತ್ತರಿಸ್ಕೊಂಡು ಬನ್ನಿ."